ಬಾಡಿಗೆ ನಮಗೆ, ಬಿಸಿ ಪೇಂಟರ್‌ಗೆ

ಪಕ್ಕದ ಕಟ್ಟಡದ ಮೇಲಿರುವ ಮೊಬೈಲ್ ಟವರ್‌ನಿಂದ ಕಾಯಿಲೆ ಬರುತ್ತದೆ, ನಮ್ಮ ತಾರಸಿಯ ಟವರ್‌ನಿಂದ ಬಾಡಿಗೆ ಬರುತ್ತದೆ. ಬೆಂಗಳೂರಿನ ಬಡಾವಣೆಗಳ ವಿಕಿರಣ ವಿಜ್ಞಾನ ಇಷ್ಟೇ.

ಕಾಯಿಲೆಯ ಕೂಗಿಗೆ ಸರ್ಕಾರ ಕಿವಿಗೊಟ್ಟಿತು. 2012ರ ಸೆಪ್ಟೆಂಬರ್ 1ರಿಂದ ಟವರ್ ವಿಕಿರಣಕ್ಕೆ ನಮ್ಮ ಮಿತಿ ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲು. ಆಮೇಲೂ ಅನುಮಾನವೇ? ಸರ್ಕಾರದ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ 4,000 ರೂಪಾಯಿ, ಮೇಲೆ ತೆರಿಗೆ ಕಟ್ಟಿದರೆ ಅಳೆದು ಹೇಳುತ್ತಾರೆ.

ಆದರೆ ಆಂಟೆನಾದ ಅಲೆ ನೆತ್ತಿಯ ಮೇಲೆ ಸುರಿಯುವುದಿಲ್ಲ, ಮುಂದಕ್ಕೆ ಹಾಯುತ್ತದೆ. ಕೆಳಗಿನ ಫ್ಲ್ಯಾಟಿನ ಸಾಹೇಬರು ಹೆಚ್ಚುಕಡಿಮೆ ಅದರ ನೆರಳಲ್ಲೇ ಇರುತ್ತಾರೆ. ಎದುರಿಗೆ ನಿಲ್ಲುವವನು ಟ್ಯಾಂಕ್ ತೊಳೆಯುವವನು, ಪೇಂಟ್ ಹೊಡೆಯುವವನು. ಅದೇ ಎತ್ತರದ ಎದುರು ಕಟ್ಟಡ ಒಂದು ಆಂಟೆನಾದಿಂದ 20 ಮೀಟರ್ ದೂರವಿರಬೇಕೆಂದು 2013ರ ಮಾರ್ಗಸೂಚಿ ಹೇಳಿತ್ತು. ಪೇಂಟರ್ ಕಟ್ಟಡವಲ್ಲವಲ್ಲ, ಅವನಿಗೆ ಒಂದು ಮೊಳ ಸಾಕು!

ಐಸಿಎನ್‌ಐಆರ್‌ಪಿ ಎಂಬ ಅಂತಾರಾಷ್ಟ್ರೀಯ ಆಯೋಗ ಜನಸಾಮಾನ್ಯರ ಇಡೀ ಮೈ ಹೀರುವ ಶಕ್ತಿಗೆ ಕಿಲೋಗ್ರಾಂಗೆ 0.08 ವ್ಯಾಟ್ ಮಿತಿ ಹಾಕಿದೆ, ಕೆಲಸಗಾರರಿಗೆ 0.4. ಐದು ಪಟ್ಟು ಏಕೆಂದರೆ ಕೆಲಸಗಾರ ತರಬೇತಿ ಪಡೆದವನು, ಅಪಾಯ ಬಲ್ಲವನು. ನಮ್ಮ ಪೇಂಟರ್‌ಗೆ ಸಿಗುವ ತರಬೇತಿ: "ಏನೂ ಆಗಲ್ಲ, ಹತ್ತಪ್ಪಾ. ಸಂಜೆಯೊಳಗೆ ಮುಗಿಸಿಬಿಡು." ಎಚ್ಚರಿಕೆಯ ಫಲಕವೂ ಉಂಟು, ಇಂಗ್ಲಿಷಿನಲ್ಲಿ. ಅದರ ಮೇಲೆ ಯಾರದೋ ಪಂಚೆ ಒಣಗುತ್ತಿರುತ್ತದೆ.

ಇಲ್ಲಿ ಕ್ಯಾನ್ಸರಿನ ಗುಮ್ಮನನ್ನು ಕರೆಯುವುದು ಬೇಡ. ದೃಢಪಟ್ಟ ಅಪಾಯವೆಂದರೆ ಮೈಯೊಳಗೆ ಹುಟ್ಟುವ ಬಿಸಿ. ಕಣ್ಣಿನ ಮಸೂರಕ್ಕೆ ರಕ್ತನಾಳಗಳಿಲ್ಲ, ಆ ಬಿಸಿಯನ್ನು ಅದು ಬೇಗ ಕಳೆದುಕೊಳ್ಳಲಾರದು. ಏಪ್ರಿಲ್ ಬಿಸಿಲಲ್ಲಿ ನಿಂತವನಿಗೆ ಯಾವ ಬಿಸಿ ಸೂರ್ಯನದು, ಯಾವುದು ಕಂಪನಿಯದು ಎಂದು ತಿಳಿಯುವುದಾದರೂ ಹೇಗೆ?

ತಾರಸಿಯಾಚೆಯೂ ಇದೇ ಕಥೆ. ರೇನ್‌ಕೋಟು, ಪ್ಲಾಸ್ಟಿಕ್ ಚೀಲ ಬೆಸೆಯುವ ಯಂತ್ರಗಳೂ 27.12 ಮೆಗಾಹರ್ಟ್ಸ್ ರೇಡಿಯೊ ಅಲೆಯಲ್ಲೇ ದುಡಿಯುತ್ತವೆ. ಅವುಗಳ ಮುಂದೆ ಕೈಯೊಡ್ಡಿ ಕೂತವರ ಪರವಾಗಿ ಯಾವ ಬಡಾವಣೆಯೂ ಸಹಿ ಸಂಗ್ರಹಿಸಿಲ್ಲ. ಯುರೋಪಿನ ಒಕ್ಕೂಟ ಮಾತ್ರ 2013ರಲ್ಲಿ ಕೆಲಸಗಾರರಿಗೆಂದೇ ನಿರ್ದೇಶನ ಹೊರಡಿಸಿ, ಅಪಾಯ ಅಂದಾಜಿಸುವ ಹೊಣೆಯನ್ನು ಮಾಲೀಕನ ತಲೆಗೇ ಕಟ್ಟಿತು.

ನಿವಾಸಿಗಳ ಸಂಘದ ಕಾರ್ಯದರ್ಶಿಗಳೇ, ಬಾಡಿಗೆ ಎರಡು ದಿನ ತಡವಾದರೆ ಟವರ್ ಕಂಪನಿಗೆ ಫೋನ್ ಮಾಡುತ್ತೀರಲ್ಲ, ಪೇಂಟರನ್ನು ಮೇಲೆ ಹತ್ತಿಸುವ ಮುನ್ನವೂ ಅದೇ ನಂಬರಿಗೆ ಮಾಡಿ. ಅವನಿರುವ ಬದಿಯ ಆಂಟೆನಾವನ್ನು ಕೆಲಸ ಮುಗಿಯುವವರೆಗೆ ಆರಿಸಿ ಅನ್ನಿ. ಅಷ್ಟು ಹೊತ್ತು ನಿಮ್ಮ ಸಿಗ್ನಲ್ ಹೋದರೆ ಹೋಗಲಿ.