ಬೆಂಚಿನ ಹಿರಿಯರು

ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ಫುಟ್‌ಬಾಲ್ ಪಂದ್ಯ. ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಬೆಂಚಿನಲ್ಲಿ. ಮಾವ-ಅಳಿಯ ಗ್ಯಾಲರಿಯಲ್ಲಿ.

"ಮಾವ, ನಲವತ್ತು ದಾಟಿದ ಮೇಲೂ ಆಡಬೇಕಾ? ಹುಡುಗರಿಗೆ ಜಾಗ ಬಿಡಬಾರದಾ?"

"ಬಿಟ್ಟೇ ಅಲ್ವೇನೋ ಅಲ್ಲಿ ಕೂತಿರೋದು? ನಿಮ್ಮ ಹುಡುಗರು ಏನು ಮಾಡ್ತಿದ್ದಾರೆ?"

"ಓಡ್ತಿದ್ದಾರೆ."

"ಓಡೋಕೆ ಪಕ್ಕದಲ್ಲೇ ಕಬ್ಬನ್ ಪಾರ್ಕ್ ಇದೆ. ಗೋಲೆಲ್ಲಿ? 2024-25ರ ಐಎಸ್‌ಎಲ್‌ನಲ್ಲಿ ಈ ಮುದುಕನದ್ದು 14. ಬೇರೆ ಯಾವ ಭಾರತೀಯನದ್ದೂ ಅಷ್ಟಿಲ್ಲ. ಕೇರಳದ ಮೇಲೆ ಹ್ಯಾಟ್ರಿಕ್ ಬೇರೆ."

"ದೇಶದ ತಂಡಕ್ಕೆ 2024ರ ಜೂನ್‌ನಲ್ಲೇ ವಿದಾಯ ಹೇಳಿದ್ರಲ್ಲ?"

"ಹೇಳಿದ್ರು, ನಾವೂ ಅತ್ವಿ. ಮುಂದಿನ ಮಾರ್ಚ್‌ಗೆ ಗೋಲಿಗೆ ಗತಿಯಿಲ್ಲದೆ ವಾಪಸ್ ಕರೆದ್ರು. ಬಂದವರೇ ಮಾಲ್ಡೀವ್ಸ್ ಮೇಲೆ ತಲೆಯಲ್ಲಿ ಹೊಡೆದ್ರು."

"ಹಾಗಾದ್ರೆ ಈಗ ಕ್ಲಬ್ಬಿನಲ್ಲಿ ಅವರ ಹುದ್ದೆ ಏನು?"

"ಗೆಲ್ಲುವಾಗ ಹಿರಿಯರು, ಸೋಲುವಾಗ ಸ್ಟ್ರೈಕರು. ಆಮೇಲೂ ಸೋತರೆ, 'ಮುದುಕನನ್ನು ಯಾಕೆ ಇಳಿಸಿದ್ರಿ' ಅಂತ ಬಯ್ಯೋಕೆ ಟಿಕೆಟ್ ತಗೊಂಡ ನಾವಿದ್ದೀವಿ."