ಒಡೆದ ಗಾಜಿನ ಪಂಚಾಯ್ತಿ

ಕುಷ್ಟಗಿ ಹೆದ್ದಾರಿಯಲ್ಲಿ ಜಲ್ಲಿ ತುಂಬಿದ ಟಿಪ್ಪರ್ ಮುಂದಿದ್ದರೆ ಹಿಂದಿನ ಕಾರಿನವರಿಗೆ ಮನೆದೇವರು ನೆನಪಾಗುತ್ತಾನೆ. ಟಪ್ ಅಂತ ಒಂದು ಸದ್ದು. ಮುಂದಿನ ಗಾಜಿನ ಮೇಲೆ ಜೋಳದ ಕಾಳಿನಷ್ಟು ಚುಕ್ಕೆ.

ಊರು ಮುಟ್ಟುವಷ್ಟರಲ್ಲಿ ಪಂಚಾಯ್ತಿ ಶುರು. "ಹೊಸಾದು ಹಾಕಿಸಿ ಬಿಡ್ರಿ" ಅನ್ನುವವರು ಗಂಗಾವತಿಯ ಬೀಗರು. ತುಂಗಭದ್ರಾ ಕಾಲುವೆ ನೀರಲ್ಲಿ ಭತ್ತ ಬೆಳೆಯುವವರ ಧಾರಾಳ ಅದು. "ಕಾಣ್ತೈತಿ ಇಲ್ಲೋ? ಮತ್ಯಾಕ ಖರ್ಚು?" ಅನ್ನುವವರು ಯಲಬುರ್ಗಾದ ಎರೆಹೊಲದ ಕಾಕಾ. ಮುಗಿಲು ನೋಡುತ್ತಲೇ ವರ್ಷ ಕಳೆಯುವವರಿಗೆ ಗಾಜು ಯಾವ ಲೆಕ್ಕ! ಕೊಪ್ಪಳದ ಅಳಿಯ ಇಬ್ಬರಿಗೂ ಉತ್ತರ ಕೊಡದೆ ಚುಕ್ಕೆಯ ಮೇಲೆ ಗವಿಸಿದ್ಧೇಶ್ವರನ ಸ್ಟಿಕ್ಕರ್ ಅಂಟಿಸುತ್ತಾನೆ.

ಕಾಕಾ ಹೇಳಿದ್ದರಲ್ಲೂ ಅರ್ಧ ಸತ್ಯವಿದೆ. ಕಾರಿನ ಮುಂದಿನ ಗಾಜೆಂದರೆ ಎರಡು ಗಾಜು, ನಡುವೆ ತೆಳ್ಳನೆ ಪ್ಲಾಸ್ಟಿಕ್ ಪದರ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಎದುವಾರ್ ಬೆನೆಡಿಕ್ಟಸ್ 1909ರಲ್ಲಿ ಇಂಥ ಗಾಜಿಗೆ ಪೇಟೆಂಟ್ ಪಡೆದ. ಕೈಜಾರಿ ಬಿದ್ದ ಸೀಸೆಯೊಂದು ಒಡೆದರೂ ಚೂರಾಗದ್ದು ಅವನಿಗೆ ಹೊಳಹು ಕೊಟ್ಟಿತಂತೆ. ಏಟು ಹೊರಗಿನ ಗಾಜಿಗಷ್ಟೇ ಬಿದ್ದಿದ್ದರೆ, ಬಿರುಕಿನೊಳಗಿನ ಗಾಳಿ ಎಳೆದು ರೆಸಿನ್ ತುಂಬಿಸಿ, ನೇರಳಾತೀತ ದೀಪ ಹಿಡಿದು ಗಟ್ಟಿ ಮಾಡುತ್ತಾರೆ. ಡ್ರೈವರ್ ಕಣ್ಣಿಗೆ ನೇರವಾಗಿದ್ದರೆ, ಇಲ್ಲವೇ ಬಿರುಕು ಅಂಚು ಮುಟ್ಟಿದ್ದರೆ ಗಾಜು ಬದಲಿಸುವುದೇ ಸೈ. ಬಾಗಿಲ ಗಾಜಿಗೆ ಸಾಮಾನ್ಯವಾಗಿ ಈ ಚರ್ಚೆಯೇ ಇಲ್ಲ. ಅದು ಒಡೆದರೆ ಕಲ್ಲುಸಕ್ಕರೆಯಂತೆ ಸೀಟಿನ ತುಂಬ ಉದುರುತ್ತದೆ, ಕಸಬರಿಗೆ ತಂದರಾಯಿತು.

ಸ್ಟಿಕ್ಕರಿನ ಕೆಳಗೆ ಬಿರುಕು ಮಾತ್ರ ಸುಮ್ಮನಿರುವುದಿಲ್ಲ. ಏಪ್ರಿಲ್ ಬಿಸಿಲಿಗೆ ಕಾದ ಗಾಜಿನ ಮೇಲೆ ಒಮ್ಮೆಲೇ ಏಸಿ ಬಿಟ್ಟರೆ ಗೆರೆ ಗವಿಸಿದ್ಧೇಶ್ವರನನ್ನು ದಾಟಿ ಆಚೆ ಕಡೆ ಹೊರಡುತ್ತದೆ. ಕೆಲವರು ಫೆವಿಕ್ವಿಕ್ ಸುರಿಯುತ್ತಾರೆ. ಅದು ಒಣಗಿ ಕೂತ ಮೇಲೆ ರೆಸಿನ್‌ಗೆ ಒಳಗೆ ಜಾಗವಿಲ್ಲ. ಧೂಳು ಹೊಕ್ಕರೂ ಅಷ್ಟೇ. ಮೊದಲ ದಿನವೇ ಒಂದು ತುಂಡು ಟೇಪ್ ಹಚ್ಚಿದ್ದರೆ ಸಾಕಿತ್ತು.

ಮನೆಯ ಕಿಟಕಿಯದು ಬೇರೆ ಕಥೆ. ಓಣಿಯ ಹುಡುಗರು ಚೆಂಡು ಹೊಡೆದರೆ ಅಲ್ಲಿ ರೆಸಿನ್ ಇಲ್ಲ, ರಟ್ಟು ಉಂಟು. ರಟ್ಟಿನದು ತಾತ್ಕಾಲಿಕ ವ್ಯವಸ್ಥೆ. ಎರಡು ದೀಪಾವಳಿ ಕಾಣುತ್ತದೆ. ಕಡೆಗೊಮ್ಮೆ ಮನೆಯವರು ದಾರಕ್ಕೆ ಗಂಟು ಹಾಕಿ ಅಳತೆ ತಗೊಂಡು ಫೋಟೋ ಕಟ್ಟು ಹಾಕುವ ಅಂಗಡಿಗೆ ಹೋಗುತ್ತಾರೆ. ಅಂಗಡಿಯವನು ದಾರ ಎಳೆದು ನೋಡಿ, "ಇದು ಹಿಗ್ಗತೈತ್ರಿ, ಟೇಪ್‌ನ್ಯಾಗ ಅಳದು ಬರ್ರಿ" ಎಂದು ವಾಪಸ್ ಅಟ್ಟುತ್ತಾನೆ. ಮತ್ತೆ ಬಂದಾಗ ಹೇಳಿದ ಅಳತೆಗಿಂತ ಕೂದಲೆಳೆಯಷ್ಟು ಕಮ್ಮಿ ಗೀರುತ್ತಾನೆ, ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿ ಗಾಜನ್ನು ಒತ್ತಬಾರದೆಂದು. ವಜ್ರದ ಮೊನೆ ಕಿರ್ರ್ ಅನ್ನುತ್ತದೆ, ಮೇಜಿನ ಅಂಚಿಗೆ ಒತ್ತಿದರೆ ಟಕ್.

ಒಡೆದ ಹಳೇ ಗಾಜನ್ನೂ ಗೃಹಿಣಿ ಚೀಲದಲ್ಲಿ ಸುತ್ತಿ ತಂದಿರುತ್ತಾಳೆ. "ಈ ಮೂಲಿ ಚಲೋ ಐತಿ ನೋಡ್ರಿ, ಅಜ್ಜನ ಫೋಟೋಕ್ಕ ಆಗ್ತೈತಿ. ಕೊಯ್ದದ್ದಕ್ಕ ಬ್ಯಾರೆ ರೊಕ್ಕ ಕೇಳಬ್ಯಾಡ್ರಿ ಮತ್ತ."