ಮಾಲೀಕನಂತೆ ಯೋಚಿಸಿದೆ, ಅರ್ಧ ದಿನದ ಸಂಬಳ ಹೋಯಿತು

ನಮ್ಮ ಕಂಪನಿಯ ಸಂಸ್ಥಾಪಕರಾದ ಸಾಹೇಬರಿಗೆ,

ಎರಡನೇ ಗೇಟಿನ ಸೆಕ್ಯುರಿಟಿಯವನು ಬರೆಯುವುದು.

ಲಿಫ್ಟಿನ ಪಕ್ಕ ಅಂಟಿಸಿದ ನಿಮ್ಮ ಪೋಸ್ಟರು ಓದಿದೆ: ‘ಪ್ರತಿಯೊಬ್ಬರೂ ಮಾಲೀಕರಂತೆ ಯೋಚಿಸಿ’. ದೊಡ್ಡವರ ಮಾತು ಮೀರುವ ಜಾಯಮಾನ ನನ್ನದಲ್ಲ. ಮರುದಿನ ಹನ್ನೊಂದೂವರೆಗೆ ಬಂದು, ಲೆಕ್ಕದ ಪುಸ್ತಕ ತರಿಸಿ ಎಂದೆ. ಸೂಪರ್‌ವೈಸರ್ ಅರ್ಧ ದಿನದ ಸಂಬಳ ಹಿಡಿದರು. ‘ಮಾಲೀಕರಂತೆ ಅಂದಿದ್ದಾರೆ ಕಣಯ್ಯಾ, ಮಾಲೀಕರಾಗಿ ಅಂದಿಲ್ಲ’ ಎಂದು ವ್ಯಾಕರಣವನ್ನೂ ಕಲಿಸಿದರು.

ಮೊನ್ನೆ ಮೀಟಿಂಗಿನಲ್ಲಿ ‘ನಾವೆಲ್ಲ ಒಂದೇ ಕುಟುಂಬ’ ಎಂದು ಗದ್ಗದಿತರಾದಿರಿ. ನಾನು ಬಾಗಿಲ ಬಳಿ ನಿಂತಿದ್ದೆ. ಸಾಹೇಬರೇ, ನಮ್ಮ ಸಾಗರದ ಕಡೆ ಕುಟುಂಬ ಎಂದರೆ ಮುಂದಿನ ಮಾತೇ ಹಿಸ್ಸೆ. ಅರ್ಧ ಗುಂಟೆಗೆ ಇಪ್ಪತ್ತು ವರ್ಷ ಕೋರ್ಟು ಅಲೆದ ಅಣ್ಣತಮ್ಮಂದಿರೂ ‘ನಿನಗೆ ಪಾಲಿಲ್ಲ, ದೀಪಾವಳಿಗೆ ಡ್ರೈಫ್ರೂಟ್ ಡಬ್ಬಿ ತಗೋ’ ಎಂದದ್ದು ನಾನು ಕೇಳಿಲ್ಲ.

ನಮ್ಮಜ್ಜ ಗೇಣಿದಾರ. ಧಣಿಗಳು ಅವನಿಗೂ ‘ನೀನು ಮನೆಯವನಂತೆ’ ಅನ್ನುತ್ತಿದ್ದರು. ಗೇಣಿ ಭತ್ತ ಅಳೆಯುವಾಗ ಮಾತ್ರ ಕೊಳಗ ದೊಡ್ಡದಾಗುತ್ತಿತ್ತು. ಆ ಕೊಳಗದ ಜಗಳವೇ 1951ರಲ್ಲಿ ಕಾಗೋಡು ಸತ್ಯಾಗ್ರಹವಾಗಿ, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ಉಳುವವನಿಗೆ ಭೂಮಿ ಕೊಟ್ಟರೆ ಹಾಳು ಬೀಳುತ್ತದೆ, ಅವನಿಗೇನು ವ್ಯವಹಾರ ಗೊತ್ತು ಎಂದು ಧಣಿಗಳಿಗೆ ಚಿಂತೆ. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣೆ ಕಾನೂನು ತಿದ್ದಿತು. ಉಳುವ ಭೂಮಿಯ ಹಕ್ಕು ಕೇಳಿ ಅಜ್ಜ ಫಾರಂ ನಂಬರ್ 7 ಹಾಕಿದ, ಗದ್ದೆ ಅವನ ಹೆಸರಿಗಾಯಿತು. ಭತ್ತಕ್ಕೆ ಈ ವಿಷಯ ಯಾರೂ ತಿಳಿಸಲಿಲ್ಲವೋ ಏನೋ, ಎಂದಿನಂತೆ ಬೆಳೆಯಿತು. ಬದಲಾದವನು ಅಜ್ಜ. ಬದು ಒಡೆದರೆ ಬೆಳಗಾದ ಮೇಲೆ ನೋಡೋಣ ಅನ್ನುತ್ತಿದ್ದವನು, ಆಮೇಲೆ ರಾತ್ರಿ ಎರಡಕ್ಕೆ ಕಂಬಳಿಕೊಪ್ಪೆ ಹಾಕಿ ಲಾಟೀನು ಹಿಡಿದು ಹೊರಡುತ್ತಿದ್ದ.

ನಿಮ್ಮ ಪೋಸ್ಟರು ಕೇಳುತ್ತಿರುವುದು ಆ ಲಾಟೀನನ್ನು. ಪಹಣಿ ಮಾತ್ರ ನಿಮ್ಮ ಹೆಸರಲ್ಲೇ ಇರಬೇಕು.

ಕಂಪನಿಗೆ ಫಾರಂ 7 ಉಂಟೇ ಎಂದು ಎಚ್.ಆರ್. ಮೇಡಂ ಅವರನ್ನು ಕೇಳಿದೆ. ‘ಇಸಾಪ್ ಇದೆ, ನೌಕರರಿಗೆ ಷೇರು ಕೊಡುವ ಯೋಜನೆ. ಆದರೆ ಷೇರುಪೇಟೆಗೆ ಬಾರದ ಕಂಪನಿಗಳ 2014ರ ನಿಯಮದಲ್ಲಿ ಕಾಯಂ ನೌಕರ ಎಂದಿದೆ. ನೀವು ಏಜೆನ್ಸಿಯವರು’ ಎಂದರು. ಹನ್ನೊಂದು ವರ್ಷದಿಂದ ಇದೇ ಗೇಟು. ಏಜೆನ್ಸಿ ನಾಲ್ಕು ಸಲ ಬದಲಾಗಿದೆ, ಯೂನಿಫಾರಂ ಬಣ್ಣವೂ. ಅಜ್ಜನ ಕಾಲದಲ್ಲಿ ಇದಕ್ಕೆ ಒಳಗೇಣಿ ಅನ್ನುತ್ತಿದ್ದರು. ಹೋಗಲಿ, ನಿಮ್ಮ ಡ್ರೈವರಣ್ಣ ಕಾಯಂ ನೌಕರನೇ ಅಲ್ಲವೇ? ಅವನಿಗೆ ಕೊಡಲು ಷೇರುದಾರರ ಒಂದು ವಿಶೇಷ ನಿರ್ಣಯ ಸಾಕಂತೆ. ಕಾನೂನು ನಿಮ್ಮ ಕೈ ಕಟ್ಟಿಹಾಕಿಲ್ಲ.

ಕೊಟ್ಟರೆ ಕಂಪನಿ ಮುಳುಗೀತೆಂಬ ಭಯವೇ? ಇನ್ಫೊಸಿಸ್ 1994ರಲ್ಲೇ ನೌಕರರಿಗೆ ಷೇರು ಹಂಚಲು ಶುರುಮಾಡಿತು, ಮುಳುಗಿದ ಸುದ್ದಿ ಇನ್ನೂ ಬಂದಿಲ್ಲ. ಧೈರ್ಯ ಸಾಲದಿದ್ದರೆ ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸಿಗೆ ಹೋಗಿ. ಕಾಫಿ ಬೋರ್ಡು ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಿ ಕೆಲಸಗಾರರನ್ನು ಮನೆಗೆ ಕಳಿಸಿದಾಗ, ಅವರೇ 1957ರಲ್ಲಿ ಬೆಂಗಳೂರಿನಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಪೇಟ ಸುತ್ತಿ ಆಮ್ಲೆಟ್ ತಂದಿಡುವವರನ್ನು ‘ಏಯ್’ ಅನ್ನಬೇಡಿ, ಮಾಲೀಕರಿದ್ದಾರು.

ಷೇರು ಬಿದ್ದರೆ ನಾವು ಅಳುತ್ತೇವೆಂದು ನಿಮಗೆ ಕನಿಕರ. ನಿಜ, ಅಜ್ಜನಿಗೂ ಮಳೆ ಕೈಕೊಟ್ಟಿತ್ತು. ಅದಕ್ಕೇ ಸಂಬಳ ಕತ್ತರಿಸಿ ಕಾಗದ ಕೊಡಬೇಡಿ, ಸಂಬಳದ ಮೇಲೆ ಕೊಡಿ. ನಷ್ಟದಲ್ಲಂತೂ ನಮ್ಮ ಪಾಲು ಎಂದಿನಿಂದಲೂ ಇದೆ: ಕೊರೊನಾ ವರ್ಷ ಮೊದಲು ಮನೆಗೆ ಹೋದದ್ದು ಗೇಟಿನ ಆರು ಜನ.

ಬರುವ ತಿಂಗಳು ಷೇರುಪೇಟೆಯ ಗಂಟೆ ಬಾರಿಸಲು ಮುಂಬೈಗೆ ಹೋಗುತ್ತೀರಂತೆ. ಆಫೀಸಿನಿಂದಲೇ ಹೊರಟು ಬೆಳಗಿನ ಜಾವದ ವಿಮಾನವಂತೆ. ಗೇಟು ತೆಗೆಯಲು ಎದ್ದಿರುತ್ತೇನೆ. ಟಾರ್ಚು ಕಂಪನಿಯದು, ಸೆಲ್ಲು ನನ್ನ ಖರ್ಚು.

ಇತಿ,
ನಿಮ್ಮ ಕುಟುಂಬದವನಂತೆ,
ಎರಡನೇ ಗೇಟಿನವನು